‘ಇನ್ನೊಂದ್ ಸಲ’ದ ಲೆಕ್ಕ: ರೀಬೈ ಪೋಕರ್ ಟೂರ್ನಿಯ ಒಳಗುಟ್ಟು

2024ರ ಫೆಬ್ರವರಿ. ರಾತ್ರಿ ಒಂದೂವರೆ. ಮರುದಿನ ಇಂಟರ್ನಲ್ಸ್. ನಮ್ಮ ಹಾಸ್ಟೆಲ್ ವಿಂಗಿನ ಗೆಳೆಯನೊಬ್ಬ ಬಾಗಿಲು ಬಡಿದು, "ಲೇ, ಒಂದ್ ಐದ್ ಸಾವಿರ ಇದ್ರ ಹಾಕ್ತೀ? ಸೋಮವಾರ ವಾಪಸ್ ಕೊಡ್ತೀನಿ" ಅಂದ. ಅವನು ಯಾರ ಹತ್ತಿರವೂ ಕೈ ಚಾಚಿದವನಲ್ಲ. ಒಳಗೆ ಕರೆದು ಕೂಡಿಸಿ ಕೇಳಿದೆವು. ಮೊದಲು "ಏನಿಲ್ಲ" ಅಂದ. ಆಮೇಲೆ ಮೊಬೈಲ್ ತೆಗೆದು ಪೋಕರ್ ಆ್ಯಪ್ ತೋರಿಸಿದ.

ಅವನ ಊರು ನವಲಗುಂದ ತಾಲೂಕಿನ ಒಂದು ಹಳ್ಳಿ. ಅಪ್ಪ ಕಡ್ಲಿ ಮಾರಿ ಫೀಸಿಗಂತ ₹18,000 ಹಾಕಿದ್ದರು. ಖಾತೆಯಲ್ಲಿ ಉಳಿದದ್ದು ₹3,250. ಫೀಸ್ ಕಟ್ಟಲು ಹತ್ತು ದಿನ ಬಾಕಿ.

ಬೈಯೋದು ಸುಲಭ ಇತ್ತು. ಆದರೆ ನಮ್ಮ ರೂಮಿನಲ್ಲಿ ಇದ್ದದ್ದು ಮೂರು ಜನ ಇಂಜಿನಿಯರಿಂಗ್ ಹುಡುಗರು, ಒಂದು ಲ್ಯಾಪ್‌ಟಾಪ್, ಒಂದು ಎಕ್ಸೆಲ್ ಶೀಟ್. ಆ್ಯಪಿನ ಹಿಸ್ಟರಿ ಪೂರ್ತಿ ಇಳಿಸಿಕೊಂಡು ಬೆಳಗಿನ ನಾಲ್ಕರ ತನಕ ಕೂತೆವು. ಆಗ ಕಂಡದ್ದು ಇದು:

50 ಟೂರ್ನಿ. ಎಂಟ್ರಿ ತಲಾ ₹110, ಒಟ್ಟು ₹5,500. ರೀಬೈ 164 ಸಲ, ತಲಾ ₹100, ಒಟ್ಟು ₹16,400. ಆಡ್-ಆನ್ 31 ಸಲ, ₹3,100. ಒಟ್ಟು ಖರ್ಚು ₹25,000. ಏಳು ಸಲ ಬಹುಮಾನ ಬಂದಿತ್ತು, ಒಟ್ಟು ₹10,250. ನಷ್ಟ ₹14,750.

ಎಂಟ್ರಿಗೆ ಹೋದದ್ದು ಐದೂವರೆ ಸಾವಿರ, ರೀಬೈಗೆ ಹೋದದ್ದು ಅದರ ಮೂರು ಪಟ್ಟು. ಹುಡುಗ ಆಟದಲ್ಲಿ ಕೆಟ್ಟವನೇನಲ್ಲ, ನಮಗೆಲ್ಲ ಪೋಕರ್ ಕಲಿಸಿದವನೇ ಅವನು. ಹಾಗಾದರೆ ತಪ್ಪಿದ್ದೆಲ್ಲಿ? ಅದನ್ನೇ ಈ ಲೇಖನದಲ್ಲಿ ಬಿಡಿಸಿ ಹೇಳುತ್ತೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಇಲ್ಲ.

ಆಟ ಏನು, ರೀಬೈ ಏನು

ಗೊತ್ತಿಲ್ಲದವರಿಗೆ ಎರಡು ಮಾತು. ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್‌ನಲ್ಲಿ ಪ್ರತಿಯೊಬ್ಬರಿಗೂ ಎರಡೆರಡು ಎಲೆ ಗುಟ್ಟಾಗಿ ಸಿಗುತ್ತವೆ. ಎಲ್ಲರಿಗೂ ಸೇರಿದ ಐದು ಎಲೆ ನಡುವೆ ಬೀಳುತ್ತವೆ. ಏಳರಲ್ಲಿ ಐದು ಎಲೆ ಆರಿಸಿ ಯಾರ ಜೋಡಣೆ ದೊಡ್ಡದೋ ಅವರದು ಆ ಗಂಟು. ಪ್ರತಿ ಹಂತದಲ್ಲೂ ಬೆಟ್ ಕಟ್ಟಬಹುದು, ಎಲೆ ಎಸೆದು ಹಿಂದೆ ಸರಿಯಬಹುದು, ಎಲ್ಲ ಚಿಪ್ಸ್ ಮುಂದೆ ತಳ್ಳಿ ‘ಆಲ್-ಇನ್’ ಅನ್ನಬಹುದು. ಪ್ರತಿ ಆಟದಲ್ಲೂ ಇಬ್ಬರು ಕಡ್ಡಾಯವಾಗಿ ಸ್ವಲ್ಪ ಚಿಪ್ಸ್ ಹಾಕಬೇಕು. ಅದಕ್ಕೆ ಬ್ಲೈಂಡ್ ಅಂತಾರೆ. ಸಮಯ ಹೋದಂತೆ ಬ್ಲೈಂಡ್ ಏರುತ್ತಾ ಹೋಗುತ್ತದೆ.

ಸಾದಾ ಟೂರ್ನಿಯಲ್ಲಿ ಚಿಪ್ಸ್ ಖಾಲಿಯಾದರೆ ಮನೆಗೆ. ಇದಕ್ಕೆ ಫ್ರೀಜ್ಔಟ್ ಅಂತ ಹೆಸರು. ರೀಬೈ ಟೂರ್ನಿಯಲ್ಲಿ ಹಾಗಲ್ಲ. ಮೊದಲ ಒಂದು ಗಂಟೆ, ನಿಮ್ಮ ಚಿಪ್ಸ್ ಶುರುವಿನಷ್ಟೇ ಇದ್ದರೆ ಅಥವಾ ಅದಕ್ಕಿಂತ ಕಡಿಮೆಯಾದರೆ, ಮತ್ತೆ ರೊಕ್ಕ ಕೊಟ್ಟು ಅಷ್ಟೇ ಚಿಪ್ಸ್ ಕೊಳ್ಳಬಹುದು. ಎಷ್ಟು ಸಲ ಬೇಕಾದರೂ. ಗಂಟೆ ಮುಗಿದು ಬ್ರೇಕ್ ಬಂದಾಗ ಕೊನೆಯ ಸಲ ಒಂದು ದೊಡ್ಡ ಕಂತು ಚಿಪ್ಸ್ ಕೊಳ್ಳಲು ಬಿಡುತ್ತಾರೆ. ಅದು ಆಡ್-ಆನ್. ಅಲ್ಲಿಂದ ಮುಂದೆ ಫ್ರೀಜ್ಔಟ್.

ಇಡೀ ಲೇಖನಕ್ಕೆ ಒಂದೇ ಉದಾಹರಣೆ ಹಿಡಿದುಕೊಳ್ಳೋಣ: ₹100 ಎಂಟ್ರಿ, 3000 ಚಿಪ್ಸ್. ರೀಬೈ ₹100ಕ್ಕೆ 3000. ಆಡ್-ಆನ್ ₹100ಕ್ಕೆ 5000. ಆಟಗಾರರು ನೂರು ಜನ. ಆ್ಯಪಿನ ಶುಲ್ಕವನ್ನ ಸದ್ಯಕ್ಕೆ ಮರೆತುಬಿಡೋಣ.

ನೂರು ರೂಪಾಯಿ ಟೂರ್ನಿ ನೂರು ರೂಪಾಯಿದಲ್ಲ

ಮೊದಲ ತಪ್ಪು ಇಲ್ಲೇ ಆಗುತ್ತದೆ. ಲಾಬಿಯಲ್ಲಿ ‘₹100’ ಅಂತ ಕಾಣುತ್ತದೆ. "ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ, ಒಂದು ಚಾ ಬಿಟ್ಟರ ಆತು" ಅಂತ ಒಳಗೆ ಹೋಗುತ್ತೇವೆ. ಆದರೆ ಎದುರಿಗೆ ಕೂತವರು ಎಂಟ್ರಿ, ಒಂದೆರಡು ರೀಬೈ, ಒಂದು ಆಡ್-ಆನ್ ಲೆಕ್ಕ ಹಾಕಿಕೊಂಡೇ ಬಂದಿರುತ್ತಾರೆ. ಅಂದರೆ ನಿಜವಾದ ಟಿಕೆಟ್ ಬೆಲೆ ₹300 ರಿಂದ ₹400.

ಪೋಕರ್ ಟೂರ್ನಿಗಳಲ್ಲಿ ಏರಿಳಿತ ಬಹಳ. ಚೆನ್ನಾಗಿ ಆಡುವವರೂ ಸಾಲಾಗಿ ಇಪ್ಪತ್ತು-ಮೂವತ್ತು ಟೂರ್ನಿ ಬರಿಗೈಯಲ್ಲಿ ಹೊರಬೀಳುತ್ತಾರೆ. ಅದಕ್ಕೇ ಅನುಭವಸ್ಥರು ಕನಿಷ್ಠ ನೂರು ಟೂರ್ನಿಗೆ ಆಗುವಷ್ಟು ಬಂಡವಾಳ ಬೇರೆಯಾಗಿ ಇಟ್ಟು ಆಡುತ್ತಾರೆ. ₹100ರ ಫ್ರೀಜ್ಔಟ್‌ಗೆ ಅದು ಹತ್ತು ಸಾವಿರ. ₹100ರ ರೀಬೈಗೆ ನಲವತ್ತು ಸಾವಿರ! ಹಾಸ್ಟೆಲ್ ಹುಡುಗನ ಹತ್ತಿರ ಅಷ್ಟು ‘ಹೋದರೂ ನಡೀತದ’ ಅನ್ನುವ ರೊಕ್ಕ ಎಲ್ಲಿಂದ ಬರಬೇಕು? ಅವನು ತನ್ನ ಮಟ್ಟಕ್ಕಿಂತ ನಾಲ್ಕು ಪಟ್ಟು ದೊಡ್ಡ ಆಟದಲ್ಲಿ ಕೂತಿರುತ್ತಾನೆ, ಗೊತ್ತೇ ಇಲ್ಲದೆ.

ರೊಕ್ಕ ಇದ್ದವರಿಗೆ ಈ ಆಟ ಒಲಿಯುತ್ತದೆ ಎಂಬ ದೂರು ನಮ್ಮದಷ್ಟೇ ಅಲ್ಲ. ಲಾಸ್ ವೇಗಾಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲೂ ಇದೇ ಗೊಣಗಾಟ ಇತ್ತು. 2009ರಲ್ಲಿ ಅವರು ತಮ್ಮ ಪಟ್ಟಿಯಿಂದ ರೀಬೈ ಟೂರ್ನಿಗಳನ್ನ ತೆಗೆದೇಬಿಟ್ಟರು.

ಒಂದು ಚಿಪ್ಪಿನ ಬೆಲೆ ಎಷ್ಟು?

ಈಗ ನಿಜವಾದ ಲೆಕ್ಕಕ್ಕೆ ಬರೋಣ. ರೀಬೈ ಗಂಟೆ ಮುಗಿಯಿತು. ನೂರು ಎಂಟ್ರಿ, 120 ರೀಬೈ, 70 ಆಡ್-ಆನ್ ಆಗಿವೆ ಅಂದುಕೊಳ್ಳಿ.

ಬಹುಮಾನದ ಗಂಟು: 290 × ₹100 = ₹29,000.
ಮೇಜಿನ ಮೇಲಿರುವ ಚಿಪ್ಸ್: 220 × 3000 + 70 × 5000 = 10,10,000.
ಸರಾಸರಿ ಒಂದು ಚಿಪ್ಪಿನ ಬೆಲೆ: ಸುಮಾರು 2.87 ಪೈಸೆ.

ಈಗ ನೋಡ್ರಿ. ರೀಬೈಯಲ್ಲಿ ₹100ಕ್ಕೆ 3000 ಚಿಪ್ಸ್, ಅಂದರೆ ಚಿಪ್ಪಿಗೆ 3.33 ಪೈಸೆ. ಕೊಂಡದ್ದರ ಬೆಲೆ 3000 × 2.87 ಪೈಸೆ = ₹86. ಆಡ್-ಆನ್‌ನಲ್ಲಿ ₹100ಕ್ಕೆ 5000 ಚಿಪ್ಸ್, ಚಿಪ್ಪಿಗೆ 2 ಪೈಸೆ. ಕೊಂಡದ್ದರ ಬೆಲೆ ₹144.

ಇದರಿಂದ ಮೂರು ಮಾತು ಹೊರಡುತ್ತವೆ.

ಒಂದು, ಬ್ರೇಕಿನ ತನಕ ಉಳಿದಿದ್ದರೆ ಆಡ್-ಆನ್ ಬಹುತೇಕ ಯಾವಾಗಲೂ ತೆಗೆದುಕೊಳ್ಳಬೇಕು. ಅದು ಡಿಸ್ಕೌಂಟ್ ಸೇಲ್. ತೆಗೆದುಕೊಳ್ಳದವನ ಚಿಪ್ಸ್ ಕುಳಿತಲ್ಲೇ ಸವಕಲಾಗುತ್ತವೆ. ಆಡ್-ಆನ್‌ಗೆ ರೊಕ್ಕ ಉಳಿಸಿಕೊಳ್ಳದೆ ರೀಬೈಗೆ ಸುರಿದವನು ದುಬಾರಿ ಮಾಲು ಕೊಂಡು ಅಗ್ಗದ್ದನ್ನ ಬಿಟ್ಟಂಗ. ನಮ್ಮ ಗೆಳೆಯನ ಲೆಕ್ಕ ನೋಡಿ: 164 ರೀಬೈ, 31 ಆಡ್-ಆನ್.

ಎರಡು, ಒಂಟಿ ರೀಬೈ ಸಾಧಾರಣ ಆಟಗಾರನಿಗೆ ನಷ್ಟದ ವ್ಯಾಪಾರ. ₹100 ಕೊಟ್ಟು ₹86ರ ಮಾಲು. ಆ ₹14 ತುಂಬಿಕೊಳ್ಳಬೇಕಾದರೆ ನೀವು ಮೇಜಿನ ಉಳಿದವರಿಗಿಂತ ಸುಮಾರು 16% ಉತ್ತಮ ಆಟಗಾರ ಆಗಿರಬೇಕು.

ಮೂರು, ರೀಬೈ ಮತ್ತು ಆಡ್-ಆನ್ ಎರಡನ್ನೂ ಜೋಡಿಯಾಗಿ ನೋಡಿದರೆ ₹200ಕ್ಕೆ 8000 ಚಿಪ್ಸ್, ಅಂದರೆ ₹230ರ ಮಾಲು. ಈ ಲೆಕ್ಕ ಹೇಳುವುದು ಇಷ್ಟು: ಬ್ರೇಕ್‌ಗೆ ಸ್ವಲ್ಪ ಮುಂಚೆ ಚಿಪ್ಸ್ ಖಾಲಿಯಾದರೆ, ಆಡ್-ಆನ್‌ಗೂ ರೊಕ್ಕ ಇದ್ದರೆ ಮಾತ್ರ ರೀಬೈ ಮಾಡಿ. ಎರಡಕ್ಕೂ ಇಲ್ಲದಿದ್ದರೆ ಒಂದನ್ನೂ ಮಾಡಬೇಡಿ.

ಆದರೆ ಖುಷಿಪಡುವ ಮುಂಚೆ ತೆರಿಗೆ ನೋಡಬೇಕು. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಹಣದ ಆಟಗಳಲ್ಲಿ ನೀವು ಹಾಕುವ ಪೂರ್ತಿ ಠೇವಣಿಯ ಮೇಲೆ 28% ಜಿಎಸ್‌ಟಿ ಬಂತು. ಆಗ ಆಡಲು ₹200 ಬೇಕಾದರೆ ₹256 ತೆರಬೇಕಿತ್ತು. ಕೆಲವು ಕಂಪನಿಗಳು ಅದನ್ನ ಬೋನಸ್ ರೂಪದಲ್ಲಿ ತಾವೇ ಭರಿಸಿದವು. ಭರಿಸದ ಕಡೆ ₹256 ಕೊಟ್ಟು ₹230ರ ಮಾಲು ಕೊಂಡಂತಾಯಿತು. ಇನ್ನು ಗೆದ್ದರೆ, 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ 30% ಟಿಡಿಎಸ್. ಇಷ್ಟಾದ ಮೇಲೂ ಲಾಭ ಉಳಿಯಬೇಕಾದರೆ ನೀವು ಎಷ್ಟು ಚೆನ್ನಾಗಿ ಆಡಬೇಕು, ನೀವೇ ಹೇಳಿ.

ಇನ್ನೊಂದು ಸೂಕ್ಷ್ಮ ಇದೆ. ಟೂರ್ನಿಯಲ್ಲಿ ಗೆದ್ದವನಿಗೇ ಎಲ್ಲ ಬಹುಮಾನ ಸಿಗುವುದಿಲ್ಲ, ಹಲವರಿಗೆ ಹಂಚುತ್ತಾರೆ. ಅದಕ್ಕೇ ಚಿಪ್ಸ್ ಎರಡು ಪಟ್ಟಾದರೆ ಅದರ ಬೆಲೆ ಎರಡು ಪಟ್ಟಾಗುವುದಿಲ್ಲ. ಮೂವರು ಉಳಿದಿದ್ದಾರೆ, ಒಟ್ಟು ₹1000 ಬಹುಮಾನ, 500-300-200 ಹಂಚಿಕೆ ಅಂತಿಟ್ಟುಕೊಳ್ಳಿ. ಅರ್ಧ ಚಿಪ್ಸ್ ನಿಮ್ಮ ಹತ್ತಿರ, ಕಾಲು-ಕಾಲು ಉಳಿದಿಬ್ಬರ ಹತ್ತಿರ. ನಿಮ್ಮ ಪಾಲು ₹500 ಅಲ್ಲ, ಸುಮಾರು ₹383. ಈ ಲೆಕ್ಕದ ಪದ್ಧತಿಗೆ ಇಂಡಿಪೆಂಡೆಂಟ್ ಚಿಪ್ ಮಾಡೆಲ್ ಅಂತಾರೆ. ಪ್ರಾಬಬಿಲಿಟಿ ಓದಿದವರು ಕಾಗದದ ಮೇಲೆ ಹತ್ತು ನಿಮಿಷದಲ್ಲಿ ಮಾಡಿ ನೋಡಬಹುದು: ಮೊದಲ ಸ್ಥಾನದ ಸಾಧ್ಯತೆ ಚಿಪ್ಸ್ ಪಾಲಿನಷ್ಟೇ. ಗೆದ್ದವನನ್ನ ತೆಗೆದು ಉಳಿದ ಚಿಪ್ಸ್‌ನಲ್ಲಿ ಅದೇ ಲೆಕ್ಕ ಮಾಡಿದರೆ ಎರಡನೇ ಸ್ಥಾನ.

ಅದೇ ನೂರು, ಬೇರೆ ಹೊತ್ತು

ಎಕ್ಸೆಲ್ ಶೀಟಿನಲ್ಲಿ ನಮ್ಮನ್ನ ನಿಲ್ಲಿಸಿದ ಅಂಕಿ ಇದು. ಒಂದೇ ಟೂರ್ನಿಯಲ್ಲಿ ಮೂರನೇ ರೀಬೈ ಮತ್ತು ಅದರ ನಂತರದವನ್ನ ಬೇರೆ ಮಾಡಿ ನೋಡಿದೆವು. ಅಂಥವು 84. ಖರ್ಚು ₹8,400. ಅವುಗಳಿಂದ ಬಂದದ್ದು ಒಂದೇ ಒಂದು ಬಹುಮಾನ, ₹900. ಅಂದರೆ ಒಟ್ಟು ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಈ ತಡವಾದ ರೀಬೈಗಳದ್ದು.

ಯಾಕೆ ಹಿಂಗ? ಕಾರಣ ಎರಡು. ಒಂದು ಮೇಜಿನ ಮೇಲೆ, ಇನ್ನೊಂದು ತಲೆಯೊಳಗೆ.

ಮೇಜಿನ ಮೇಲಿನದು ಬ್ಲೈಂಡ್. ಆಟ ಶುರುವಾದಾಗ ಬ್ಲೈಂಡ್ 25/50. ಆಗ 3000 ಚಿಪ್ಸ್ ಅಂದರೆ ದೊಡ್ಡ ಬ್ಲೈಂಡಿನ 60 ಪಟ್ಟು. ಯೋಚಿಸಿ ಆಡಲು, ಎದುರಾಳಿಯನ್ನ ಓದಲು, ಕೆಟ್ಟ ಎಲೆ ಎಸೆದು ಕಾಯಲು ಜಾಗ ಇರುತ್ತದೆ. ಐವತ್ತು ನಿಮಿಷದ ಹೊತ್ತಿಗೆ ಬ್ಲೈಂಡ್ 150/300 ಆಗಿದ್ದರೆ ಅದೇ 3000 ಚಿಪ್ಸ್ ಬರೀ 10 ಪಟ್ಟು. ಆಗ ಉಳಿಯುವ ಆಯ್ಕೆ ಎರಡೇ: ಆಲ್-ಇನ್, ಇಲ್ಲಾ ಎಲೆ ಎಸೆ. ಕೌಶಲಕ್ಕೆ ಜಾಗವೇ ಇಲ್ಲ. ಬಟನ್ ಮೇಲೆ ಮಾತ್ರ ಅದೇ ₹100 ಅಂತ ಬರೆದಿರುತ್ತದೆ. ಬೆಳಿಗ್ಗೆ ಸಂತೆಯ ತಾಜಾ ಸೊಪ್ಪು, ಸಂಜೆಯ ಬಾಡಿದ ಸೊಪ್ಪು, ಎರಡಕ್ಕೂ ಒಂದೇ ದರ ಕೊಟ್ಟಂತೆ.

ತಲೆಯೊಳಗಿನದು ಸಿಟ್ಟು. ಪೋಕರ್ ಭಾಷೆಯಲ್ಲಿ ‘ಟಿಲ್ಟ್’. ಜೋಡಿ ಎಕ್ಕ ಹಿಡಿದು ಸೋತವನು ಮುಂದಿನ ಹತ್ತು ನಿಮಿಷ ಮೆದುಳಿನಿಂದ ಆಡುವುದಿಲ್ಲ. ಗೆಳೆಯ ಅಂದದ್ದು: "ಆ ಹೊತ್ತಿಗೆ ನನಗ ಗೆಲ್ಲೋದು ಬ್ಯಾಡಾಗಿತ್ತಲೇ. ಹೋದದ್ದು ಅಷ್ಟ ವಾಪಸ್ ಬಂದ್ರ ಸಾಕಾಗಿತ್ತು."

ಹೋದದ್ದನ್ನ ಅರ್ಥಶಾಸ್ತ್ರದಲ್ಲಿ ಮುಳುಗಿದ ವೆಚ್ಚ ಅಂತಾರೆ. ಹಿಂದೆ ಎಷ್ಟು ಹಾಕಿದಿರಿ ಅನ್ನುವುದಕ್ಕೂ ಮುಂದಿನ ರೀಬೈ ಲಾಭವೋ ನಷ್ಟವೋ ಅನ್ನುವುದಕ್ಕೂ ಸಂಬಂಧವೇ ಇಲ್ಲ. ಪ್ರತಿ ರೀಬೈ ಒಂದು ಹೊಸ ಟಿಕೆಟ್. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: "ನಾನು ಈಗಷ್ಟೇ ಬಂದವನು, ಈ ಮೇಜು, ಈ ಬ್ಲೈಂಡ್, ಈ ಬೆಲೆ. ಒಳಗ ಹೋಗ್ತಿದ್ನೇನು?" ಇಲ್ಲ ಅನ್ನಿಸಿದರೆ ಹಿಂದೆ ಹಾಕಿದ ಐದು ನೂರು ಅದನ್ನ ‘ಹೌದು’ ಮಾಡಲಾರದು.

ರೀಬೈ ಗಂಟೆಯಲ್ಲಿ ಆಡೋದು ಹೆಂಗ

"ರೀಬೈ ಅಂದ್ರ ಹುಚ್ಚಾಟ ಆಡಬೇಕು" ಅನ್ನುವ ಒಂದು ಮಾತಿದೆ. ಅರ್ಧ ಸತ್ಯ. ಮೇಜಿನಲ್ಲಿ ಉಳಿದವರು ಹುಚ್ಚಾಟ ಆಡುತ್ತಾರೆ, ಅದು ನಿಜ. ನೀವು ಅವರ ಜೊತೆ ಕುಣಿಯಬೇಕಾಗಿಲ್ಲ.

ಮೊದಲನೆಯದು, ಹೆದರಿಸಿ ಓಡಿಸುವ ಆಟ ಬೇಡ. ಸೋತರೆ ಮತ್ತೆ ಕೊಳ್ಳುತ್ತೇನೆ ಅನ್ನುವವನು ನಿಮ್ಮ ದೊಡ್ಡ ಬೆಟ್‌ಗೆ ಎಲೆ ಎಸೆಯುವುದಿಲ್ಲ. ಬ್ಲಫ್ ಅನ್ನುವುದು ಕಳೆದುಕೊಳ್ಳುವ ಭಯ ಇದ್ದವನ ಮೇಲೆ ಮಾತ್ರ ಕೆಲಸ ಮಾಡುತ್ತದೆ.

ಎರಡನೆಯದು, ಒಳ್ಳೆಯ ಎಲೆ ಬಂದಾಗ ಸಣ್ಣ ಬೆಟ್ ಕಟ್ಟಿ ಎಲ್ಲರನ್ನೂ ಕರೆಯಬೇಡಿ. ಜೋಡಿ ಎಕ್ಕ ಒಬ್ಬ ಎದುರಾಳಿಯ ಯಾವುದೋ ಎಲೆಗಳ ವಿರುದ್ಧ ನೂರಕ್ಕೆ 85 ಸಲ ಗೆಲ್ಲುತ್ತದೆ. ನಾಲ್ಕು ಜನರ ವಿರುದ್ಧ ಅದೇ ಜೋಡಿ ಸುಮಾರು 56 ಸಲ ಮಾತ್ರ. ದೊಡ್ಡದಾಗಿ ಕಟ್ಟಿ, ಒಬ್ಬಿಬ್ಬರನ್ನ ಉಳಿಸಿಕೊಳ್ಳಿ.

ಮೂರನೆಯದು, ಯಾವ ಆಲ್-ಇನ್ ಒಪ್ಪಬೇಕು? ಜೋಡಿ ರಾಣಿ ವಿರುದ್ಧ ಎಕ್ಕ-ರಾಜ ಬಂದರೆ ಸುಮಾರು 55-45. ನೀವು 55ರ ಕಡೆ ಇದ್ದರೆ ರೀಬೈ ಗಂಟೆಯಲ್ಲಿ ಒಪ್ಪಬಹುದು, ಯಾಕಂದ್ರ ಸೋತರೆ ಆಟ ಮುಗಿಯುವುದಿಲ್ಲ. 45ರ ಕಡೆ ಇದ್ದೀರಿ ಅಂತ ಗೊತ್ತಿದ್ದೂ ‘ರೀಬೈ ಐತಲಾ’ ಅಂತ ಒಪ್ಪಿದರೆ? 3000 ಚಿಪ್ಸ್ ಇಟ್ಟಾಗ ಸರಾಸರಿ 2700 ವಾಪಸ್. 300 ಚಿಪ್ಸ್ ನಷ್ಟ, ಅಂದರೆ ₹10. ಒಂದು ಸಲಕ್ಕೆ ಕಾಣುವುದಿಲ್ಲ. ರಾತ್ರಿಗೆ ಹತ್ತು ಸಲ ಆದರೆ ಒಂದು ರೀಬೈ ಪೂರ್ತಿ ಗಾಳಿಗೆ ಹೋಯಿತು.

ನಾಲ್ಕನೆಯದು, ಶುರುವಿಗೇ ಎರಡು ಪಟ್ಟು ಚಿಪ್ಸ್ ಕೊಳ್ಳುವುದು. ಬಹಳ ಕಡೆ ಕೂತ ತಕ್ಷಣ ಒಂದು ರೀಬೈ ಮಾಡಿ 6000 ಇಟ್ಟುಕೊಳ್ಳಬಹುದು. ಇದು ಸರಿಯೋ ತಪ್ಪೋ ಅನ್ನುವುದು ಎದುರಿನವರ ಮೇಲೆ ನಿಂತಿದೆ. ಅವರ ಹತ್ತಿರ 3000 ಮಾತ್ರ ಇದ್ದರೆ ನೀವು ಅವರಿಂದ ಗೆಲ್ಲಬಹುದಾದದ್ದೂ 3000 ಮಾತ್ರ. ನಿಮ್ಮ ಹೆಚ್ಚುವರಿ ಚಿಪ್ಸ್ ಸುಮ್ಮನೆ ಕೂರುತ್ತವೆ. ಮೇಜಿನಲ್ಲಿ ದುರ್ಬಲ ಆಟಗಾರರ ಹತ್ತಿರವೇ 6000 ಇದ್ದರೆ ಮಾತ್ರ ಅರ್ಥ ಇದೆ.

ಐದನೆಯದು, ಒಳ್ಳೆಯ ಎಲೆಗೂ ಗ್ಯಾರಂಟಿ ಇಲ್ಲ ಅಂತ ಮನಸ್ಸಿಗೆ ಮೊದಲೇ ಹೇಳಿ ಇಡಿ. 85% ಗೆಲ್ಲುವ ಜೋಡಿ ಎಕ್ಕ ಐದು ಸಲ ಬಂದರೆ ಐದೂ ಸಲ ಗೆಲ್ಲುವ ಸಾಧ್ಯತೆ 0.85ರ ಐದನೇ ಘಾತ, ಅಂದರೆ 44%. ಐದರಲ್ಲಿ ಒಂದಾದರೂ ಸೋಲುವುದೇ ಹೆಚ್ಚು ಸಹಜ. ಅದು ಆ್ಯಪಿನ ಮೋಸವೇ ಆಗಬೇಕಿಲ್ಲ, ನಿಮ್ಮ ಹಣೆಬರಹವೂ ಅಲ್ಲ, ಬರೀ ಗುಣಾಕಾರ.

ಗಂಟೆ ಮುಗಿದ ಮೇಲೆ

ಬ್ರೇಕ್ ಮುಗಿದು ಮತ್ತೆ ಕೂತಾಗ ಅದು ಬೇರೆಯೇ ಆಟ. ಹತ್ತು ನಿಮಿಷದ ಹಿಂದೆ ಯಾವ ಎಲೆಗಾದರೂ ಆಲ್-ಇನ್ ಹೊಡೆಯುತ್ತಿದ್ದವರು ಈಗ ಬಾಲ ಮುದುರಿ ಕೂತಿರುತ್ತಾರೆ, ಯಾಕಂದರೆ ಈಗ ಸೋತರೆ ಮನೆಗೆ. ಇದೇ ಹೊತ್ತಿನಲ್ಲಿ ಬ್ಲಫ್‌ಗೆ ಜೀವ ಬರುತ್ತದೆ. ಎಲ್ಲರೂ ಎಲೆ ಎಸೆದು ನಿಮ್ಮ ಸರದಿ ಕೊನೆಯಲ್ಲಿ ಬಂದಾಗ ಸಾಧಾರಣ ಎಲೆಗೂ ಏರಿಸಿ ಬ್ಲೈಂಡ್ ಎತ್ತಿಕೊಳ್ಳಬಹುದು. ಚಿಪ್ಸ್ ಹತ್ತು ಬ್ಲೈಂಡ್‌ಗಿಂತ ಕೆಳಗಿಳಿದರೆ ಸಣ್ಣ ಬೆಟ್ ಬಿಟ್ಟುಬಿಡಿ: ಆಲ್-ಇನ್, ಇಲ್ಲಾ ಫೋಲ್ಡ್. ಬಹುಮಾನದ ಗಡಿ ಹತ್ತಿರ ಬಂದಾಗ, ನಿಮಗಿಂತ ಹೆಚ್ಚು ಚಿಪ್ಸ್ ಇದ್ದವನ ಜೊತೆ ಸುಮ್ಮನೆ ತಲೆ ಹೊಡೆದುಕೊಳ್ಳಬೇಡಿ. ಮೇಲೆ ಹೇಳಿದ ₹383ರ ಲೆಕ್ಕ ಅಲ್ಲಿ ಕೆಲಸಕ್ಕೆ ಬರುತ್ತದೆ.

ಗೆಳೆಯನ ದಾಖಲೆಯಲ್ಲಿ ಇನ್ನೊಂದು ವಿಷಯ ಕಂಡಿತು. ಬ್ರೇಕ್ ದಾಟಿದ ಮೇಲೆ ಅವನ ಆಟ ಚೆನ್ನಾಗಿತ್ತು. ಬಂದ ಏಳು ಬಹುಮಾನದಲ್ಲಿ ಆರು, ಎರಡೇ ರೀಬೈ ಒಳಗೆ ಮುಗಿಸಿದ ರಾತ್ರಿಗಳವು. ಆಟ ಬರುತ್ತಿತ್ತು, ಬಟನ್ ಬರುತ್ತಿರಲಿಲ್ಲ.

ನಡಿಗೆ ಎಂಬ ಬ್ರೇಕು

ನಮ್ಮ ಕಡೆ ದೀಪಾವಳಿಗೆ ಇಸ್ಪೀಟು ಆಡೋದು ಹೊಸದೇನಲ್ಲ. ಜಗಲಿ ಮೇಲೆ ಕಂಬಳಿ ಹಾಸಿ, ಬಲ್ಬ್ ಇಳಿಬಿಟ್ಟು, ರಾತ್ರಿಯಿಡೀ ಮೂರೆಲೆ ಆಡುವ ಊರುಗಳು ಎಷ್ಟೋ. ಅಲ್ಲೂ ಸೋಲುತ್ತಿದ್ದರು, ಅಲ್ಲೂ ಮನೆ ಹಾಳಾಗಿವೆ. ಆದರೆ ಅಲ್ಲೊಂದು ತಡೆ ಇತ್ತು. ಕಿಸೆ ಖಾಲಿಯಾದವನು ಎದ್ದು, ಚಪ್ಪಲಿ ಹುಡುಕಿ, ಕತ್ತಲಲ್ಲಿ ಮನೆಗೆ ನಡೆದು, ಬಾಗಿಲು ಬಡಿಯಬೇಕಿತ್ತು. ಬಾಗಿಲು ತೆಗೆದ ಅವ್ವನೋ ಹೆಂಡತಿಯೋ "ಮತ್ತ ಯಾಕ?" ಅಂತ ಕೇಳುತ್ತಿದ್ದಳು. ಆ ನಡಿಗೆಯಲ್ಲಿ ಅರ್ಧ ಜನರ ಅಮಲು ಇಳಿಯುತ್ತಿತ್ತು.

ಆನ್‌ಲೈನ್ ರೀಬೈ ಕಿತ್ತು ಹಾಕಿದ್ದು ಆ ನಡಿಗೆಯನ್ನ. ಸೋತ ಕ್ಷಣದಲ್ಲೇ ಪರದೆ ಮೇಲೆ ಪೆಟ್ಟಿಗೆ ತೆರೆದು, ಕೆಳಗೆ ಸೆಕೆಂಡುಗಳು ಇಳಿಯುತ್ತವೆ. ಆಟೋ-ರೀಬೈ ಟಿಕ್ ಮಾಡಿದ್ದರೆ ಕೇಳುವುದೂ ಇಲ್ಲ. ಯುಪಿಐ ಪಿನ್ ನಾಲ್ಕೋ ಆರೋ ಅಂಕಿ. ಪಕ್ಕದ ಹಾಸಿಗೆಯಲ್ಲಿ ಮಲಗಿದವನಿಗೂ ಗೊತ್ತಾಗುವುದಿಲ್ಲ.

ನಮ್ಮ ಹುಬ್ಬಳ್ಳಿ ಪಕ್ಕದ ಕೋಳಿವಾಡದ ಕುಮಾರವ್ಯಾಸ ಹೇಳಿದ ಭಾರತದ ಕಥೆಯಲ್ಲೂ ಒಂದು ರೀಬೈ ಇದೆ ನೋಡ್ರಿ. ಧರ್ಮರಾಯ ಮೊದಲ ಜೂಜಿನಲ್ಲಿ ಎಲ್ಲವನ್ನೂ ಸೋತ. ಧೃತರಾಷ್ಟ್ರ ಎಲ್ಲ ವಾಪಸ್ ಕೊಟ್ಟು ಕಳಿಸಿದ. ಅವರು ಇನ್ನೂ ಹೊರಟಿದ್ದಾರೆ, ಅಷ್ಟರಲ್ಲಿ ಮತ್ತೆ ಕರೆ ಬಂತು. ತಿರುಗಿ ಹೋಗಿ ಕೂತ. ಈ ಸಲ ಹನ್ನೆರಡು ವರ್ಷ ಕಾಡು, ಒಂದು ವರ್ಷ ಅಜ್ಞಾತವಾಸ. ಶಕುನಿಯ ದಾಳ ಹೋಗಲಿ ಬಿಡಿ, ಮೇಜು ಬಿಟ್ಟು ಎದ್ದವನು ಮತ್ತೆ ಯಾಕೆ ಕೂತ ಅನ್ನುವುದು ನಮ್ಮ ಪ್ರಶ್ನೆ. ‘ಕರೆದರೆ ಬರಲೇಬೇಕು’ ಅಂತ ಅವನು ಮೊದಲೇ ತನಗೆ ತಾನೇ ನಿಯಮ ಹಾಕಿಕೊಂಡಿದ್ದ. ನಾವು ಅದರ ಉಲ್ಟಾ ನಿಯಮ ಹಾಕಿಕೊಳ್ಳಬೇಕು.

ರೀಬೈ ಟೂರ್ನಿಯ ಅತಿ ದೊಡ್ಡ ತಂತ್ರ ಇದೇ: ರೀಬೈ ನಿರ್ಧಾರವನ್ನ ಸೋತ ಮೇಲೆ ಮಾಡಬಾರದು, ಕೂರುವ ಮುಂಚೆ ಮಾಡಿರಬೇಕು. ಎಷ್ಟು ಸಲ, ಎಷ್ಟು ಬ್ಲೈಂಡ್ ತನಕ, ಒಟ್ಟು ಎಷ್ಟು ಅಂತ ಕಾಗದದ ಮೇಲೆ ಬರೆದಿರಬೇಕು. ಆಟೋ-ರೀಬೈ ಬಂದ್.

ಈಗ ಕಾನೂನು ಏನು ಹೇಳುತ್ತದೆ

ಕರ್ನಾಟಕದಲ್ಲಿ ಈ ವಿಷಯ ಸುಮಾರು ಸುತ್ತು ಹೊಡೆದಿದೆ. ರಾಜ್ಯ ಸರ್ಕಾರ 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನ ನಿಷೇಧಿಸಿತು. 2021ರ ಅಕ್ಟೋಬರ್ 5ರಿಂದ ಅದು ಜಾರಿಗೆ ಬಂತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡಿತು. ಕೌಶಲದ ಆಟವನ್ನೂ ಅದೃಷ್ಟದ ಜೂಜನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಅಲ್ಲಿ ಮುಖ್ಯ ತಕರಾರು. ನಮ್ಮ ಗೆಳೆಯ ಆಡಿದ್ದು ಈ ನಡುವಿನ ಕಾಲದಲ್ಲಿ.

ಆಮೇಲೆ ಕೇಂದ್ರದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಬಂತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಇದು ಕೌಶಲವೋ ಅದೃಷ್ಟವೋ ಅಂತ ನೋಡುವುದಿಲ್ಲ. ಗೆಲ್ಲುವ ಆಸೆಯಿಂದ ಹಣ ಕಟ್ಟುವ ಆನ್‌ಲೈನ್ ಆಟ ಅಂದರೆ ನಿಷೇಧ. ನಡೆಸುವವರಿಗೆ 3 ವರ್ಷದ ತನಕ ಜೈಲು, ₹1 ಕೋಟಿ ತನಕ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, ₹50 ಲಕ್ಷದ ತನಕ. ಆಡುವವರಿಗೆ ಶಿಕ್ಷೆ ಇಲ್ಲ, ಅವರನ್ನ ಕಾನೂನು ಬಲಿಪಶು ಅಂತ ನೋಡುತ್ತದೆ. ಅಂಕಿತ ಬಿದ್ದ ಬೆನ್ನಿಗೇ ದೇಶದ ದೊಡ್ಡ ಪೋಕರ್, ರಮ್ಮಿ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ಕಂಪನಿಯೊಂದು ಕರ್ನಾಟಕ ಹೈಕೋರ್ಟಿಗೆ ಹೋಯಿತು, ಮುಂದೆ ಇಂಥ ಪ್ರಕರಣಗಳನ್ನೆಲ್ಲ ಸುಪ್ರೀಂ ಕೋರ್ಟ್ ತನ್ನ ಹತ್ತಿರ ಕರೆಸಿಕೊಂಡಿತು.

"ಹಂಗಾದ್ರ ಫಾರಿನ್ ಸೈಟ್ ಐತಿ, ಟೆಲಿಗ್ರಾಂ ಗ್ರೂಪ್ ಐತಿ" ಅನ್ನುವವರು ನಮ್ಮಲ್ಲೂ ಇದ್ದಾರೆ. ಅಲ್ಲಿ ಎಲೆ ಹಂಚುವವನು ಯಾರು ಗೊತ್ತಿಲ್ಲ, ಗೆದ್ದ ರೊಕ್ಕ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಬರದಿದ್ದರೆ ಯಾರ ಹತ್ತಿರವೂ ಹೋಗುವ ಹಾಗಿಲ್ಲ. ಮೇಲಿನ ಯಾವ ಲೆಕ್ಕವೂ ಅಲ್ಲಿ ನಡೆಯುವುದಿಲ್ಲ. ಬ್ಯಾಡ.

ಹುಣಸಿಬೀಜದ ಟೂರ್ನಿ

ಹಾಗಾದರೆ ಇಷ್ಟೆಲ್ಲ ತಂತ್ರ ಕಲಿತು ಏನು ಮಾಡೋದು? ಆಟ ಚೆಂದ ಇದೆ, ಅದನ್ನ ಬಿಡಬೇಕಾಗಿಲ್ಲ. ನಮ್ಮ ವಿಂಗಿನಲ್ಲಿ ಈಗ ತಿಂಗಳಿಗೊಮ್ಮೆ ರೀಬೈ ಟೂರ್ನಿ ನಡೆಯುತ್ತದೆ. ಚಿಪ್ಸ್ ಬದಲು ಹುಣಸಿಬೀಜ. ರೊಕ್ಕದ ಮಾತೇ ಇಲ್ಲ. ಮೊದಲ ರೀಬೈಗೆ ಇಪ್ಪತ್ತು ಬಸ್ಕಿ. ಎರಡನೆಯದಕ್ಕೆ ನಲವತ್ತು. ಮೂರನೇ ರೀಬೈ ಮಾಡಿದವನು ಎಲ್ಲರ ತಾಟು ತೊಳೆಯಬೇಕು. ಬಸ್ಕಿ ಹೊಡೆಯುವಾಗ ಯೋಚನೆ ಮಾಡಲು ಟೈಮ್ ಸಿಗುತ್ತದೆ. ಮೂರನೇ ರೀಬೈ ಮಾಡಿದವರನ್ನ ಇಲ್ಲಿಯವರೆಗೆ ಬೆರಳಲ್ಲಿ ಎಣಿಸಬಹುದು.

ಇನ್ನೊಂದು ಮಾತು. ಪೋಕರ್ ಆ್ಯಪ್ ಬಂದಾದ ಮೇಲೆ ಅದೇ ಬೆರಳುಗಳು ಆಪ್ಷನ್ಸ್ ಟ್ರೇಡಿಂಗ್ ಕಡೆ ತಿರುಗಿವೆ. ಬಿದ್ದಾಗ ಮತ್ತೆ ಕೊಳ್ಳುವುದಕ್ಕೆ ಅಲ್ಲಿ ‘ಆವರೇಜ್ ಮಾಡೋದು’ ಅಂತ ಹೆಸರು. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಅಧ್ಯಯನದ ಪ್ರಕಾರ ಹಣಕಾಸು ವರ್ಷ 2022ರಿಂದ 2024ರ ತನಕ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ನೂರಕ್ಕೆ 93 ಮಂದಿ ಬಿಡಿ ವ್ಯಾಪಾರಿಗಳು ನಷ್ಟ ಕಂಡರು. ಎಲೆ ಬೇರೆ, ಬಟನ್ ಅದೇ.

ಈ ಲೇಖನ ಓದುವಾಗ ನಿಮ್ಮ ಹೊಟ್ಟೆಯಲ್ಲಿ ಏನೋ ಕಲಸಿದಂತಾದರೆ, ಮೊದಲು ಒಬ್ಬರಿಗೆ ಹೇಳಿ. ಯಾರಿಗಾದರೂ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಡಿಮ್ಹಾನ್ಸ್ ನಮ್ಮ ಊರಲ್ಲೇ ಇದೆ, ಚಿಗರಿ ಬಸ್ ಹತ್ತಿದರೆ ಆಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮಿಂಗ್ ಗೀಳಿಗೆಂದೇ ‘ಷಟ್’ ಕ್ಲಿನಿಕ್ ನಡೆಯುತ್ತದೆ. ಹೋಗುವುದರಲ್ಲಿ ನಾಚಿಕೆ ಇಲ್ಲ.

ಗೆಳೆಯ ಆ ರಾತ್ರಿ ನಮ್ಮಿಂದ ಐದು ಸಾವಿರ ಇಸ್ಕೊಳ್ಳಲಿಲ್ಲ. ನಾವು ಕೊಡಲೂ ಇಲ್ಲ, ಅದು 165ನೇ ರೀಬೈ ಆಗುತ್ತಿತ್ತು. ಬೆಳಿಗ್ಗೆ ಆರಕ್ಕೆ ಅಣ್ಣನಿಗೆ ಫೋನ್ ಮಾಡಿದ. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, "ಆತು, ಅಪ್ಪಗ ನಾ ಹೇಳ್ತೀನಿ. ನೀ ಮೊದಲ ಪರೀಕ್ಷಾ ಬರಿ" ಅಂದನಂತೆ. ಫೀಸ್ ಎರಡು ಕಂತಿನಲ್ಲಿ ಕಟ್ಟಿದ. ಮುಂದಿನ ರಜೆಯಲ್ಲಿ ಊರಿಗೆ ಹೋಗಿ ಅಪ್ಪನ ಎದುರು ಕೂತು ಎಕ್ಸೆಲ್ ಶೀಟನ್ನೇ ತೋರಿಸಿದ. ಅಪ್ಪ ಅಂಕಿಗಳನ್ನ ನೋಡಿ ಒಂದೇ ಪ್ರಶ್ನೆ ಕೇಳಿದರಂತೆ: "ಮೊದಲನೇ ಸಲಕ್ಕ ಯಾಕ ಏಳಲಿಲ್ಲಪಾ?"

ಅವನ ಟೇಬಲ್ ಮೇಲಿನ ಗೋಡೆಗೆ ಈಗಲೂ ಒಂದು ಚೀಟಿ ಅಂಟಿಸಿದ್ದಾನೆ. ‘ಎಂಟ್ರಿ 1. ರೀಬೈ 1. ಆಡ್-ಆನ್ 1. ಏಳು.’ ಹುಣಸಿಬೀಜದ ಟೂರ್ನಿಯಲ್ಲೂ ಅದನ್ನ ಪಾಲಿಸುತ್ತಾನೆ. ಕಳೆದ ಮೂರರಲ್ಲಿ ಎರಡು ಗೆದ್ದದ್ದು ಅವನೇ.